ದಾಟಿ ಬಂದ ಪ್ರಶ್ನೆಗಳು

ಬನಹಟ್ಟಿಯ ವಾಚನಾಲಯದಲ್ಲಿ ರಸಪ್ರಶ್ನೆಗೆಂದು ನಾಲ್ಕು ಮೇಜು ಹಾಕಿ, ಒಂದೊಂದರ ಮೇಲೂ ತಾಲೂಕಿನ ಹೆಸರು ಬಣ್ಣದಲ್ಲಿ ಬರೆಸಿದ್ದರು: ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ. ಬಣ್ಣ ಬಳಿದಾದ ಮೇಲೆ ಮೇಜು ಸರಿಸುವ ಮಾತೇ ಇಲ್ಲ. ಮೂರು ಭಾನುವಾರವೂ ತಂಡಗಳು ಅದೇ ಸಾಲಿನಲ್ಲಿ ಕುಳಿತವು.

ಏಳನೆಯ ತರಗತಿಗೇ ಶಾಲೆ ಬಿಟ್ಟ ಸತ್ಯವ್ವ, ಮುಧೋಳದ ತಂಡದಲ್ಲಿದ್ದ ತಂಗಿ ಶೀತಲ್‌ಳ ಜೊತೆಗೆಂದು ಬಂದವಳು. ಗೋಡೆಗೊರಗಿ ಕುಳಿತು ತಂಗಿಯ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆಯುತ್ತಿದ್ದಳು. ತಂಡವು ತನ್ನ ಪಾಲಿನ ಪ್ರಶ್ನೆಗೆ ಸರಿಯುತ್ತರ ಕೊಟ್ಟರೆ ನೆಟ್ಟಗೆರೆ, ಹತ್ತು ಅಂಕ. ಸಾಲಿನಲ್ಲಿ ತನಗಿಂತ ಮೊದಲು ಕುಳಿತ ತಂಡ ಸೋತು ದಾಟಿಸಿದ ಪ್ರಶ್ನೆಗೆ ಉತ್ತರಿಸಿದರೆ ಅಡ್ಡಗೆರೆ, ಐದು ಅಂಕ. ಪ್ರಶ್ನೆ ದಾಟುತ್ತಿದ್ದುದು ಒಂದೇ ಸಲ.

ಮೂರನೆಯ ಭಾನುವಾರ, ಪ್ರಶ್ನೆ ಕೇಳುವ ಚಿದಾನಂದ ಸರ್ ಹಲಗೆಯ ಮೇಲೆ ಮೂರೂ ವಾರಗಳ ಮೊತ್ತ ಬರೆದರು. ಮುಧೋಳ ಇನ್ನೂರಾ ಮೂವತ್ತು, ಬೀಳಗಿ ಇನ್ನೂರಾ ಇಪ್ಪತ್ತೈದು, ಉಳಿದೆರಡು ತಂಡ ಬಹಳ ಹಿಂದೆ. ಜಿಲ್ಲೆಗೆ ಹೋಗುವುದು ಒಂದೇ ತಂಡ. ಶೀತಲ್ ಕುಣಿದಾಡಿದಳು.

ಸತ್ಯವ್ವನ ಕಣ್ಣು ಮಾತ್ರ ಅಡ್ಡಗೆರೆಗಳ ಮೇಲೇ ಇತ್ತು. ಮುಧೋಳಕ್ಕೆ ಹನ್ನೆರಡು, ಬೀಳಗಿಗೆ ಐದೇ. ಜಮಖಂಡಿಯವರು ತಮ್ಮ ಮೂವತ್ತರಲ್ಲಿ ಇಪ್ಪತ್ತೊಂದು ಪ್ರಶ್ನೆ ದಾಟಿಸಿದ್ದರು, ಅವೆಲ್ಲ ಪಕ್ಕದ ಮುಧೋಳದ ಉಡಿಗೇ ಬಿದ್ದಿದ್ದವು. ಬೀಳಗಿಗೆ ದಾಟಿ ಬಂದದ್ದು ಹದಿಮೂರು. ಸ್ವಂತ ಪ್ರಶ್ನೆಗಳಲ್ಲಿ ಬೀಳಗಿಯದು ಇಪ್ಪತ್ತು ಸರಿ, ಮುಧೋಳದ್ದು ಹದಿನೇಳು. ಹೇಳಿದರೆ ತಂಗಿಯ ಜಿಲ್ಲೆಯ ಹಾದಿ ತಪ್ಪಬಹುದು. ಹೇಳದಿದ್ದರೆ ಈ ಗೆರೆಗಳು ತನ್ನನ್ನು ಸುಮ್ಮನೆ ಬಿಡವು.

ಎದ್ದು ಹೋಗಿ ನೋಟುಬುಕ್ಕನ್ನು ಸರ್ ಮುಂದೆ ಹಿಡಿದಳು.

"ಜಮಖಂಡಿಯವ್ರ ಬಾಜೂಕ ಯಾರ ಕುಂತ್ರೂ ಅಂಕ ಜಾಸ್ತಿ ಆಗತಾವ್ರಿ ಸರ. ಈ ಎರಡೂ ತಂಡಕ್ಕ ಹತ್ತ ಹತ್ತ ಪ್ರಶ್ನಿ ಕೇಳ್ರಿ. ದಾಟಸೂದು ಬ್ಯಾಡ್ರಿ."

"ಅಕ್ಕಾ, ನೀ ಯಾರ ಕಡಿ ಬೇ?" ಶೀತಲ್ ಚೀರಿದಳು.

"ಅಂದ್ರ ನಮ್ಮ ದಾನ ಬಂದ್ ಆತೇನ್ರಿ?" ಎಂದ ಜಮಖಂಡಿಯ ನೀಲಕಂಠ. ಎಲ್ಲರೂ ನಕ್ಕರು.

ಚಿದಾನಂದ ಸರ್ ಗೆರೆಗಳನ್ನು ಎರಡು ಸಲ ಎಣಿಸಿದರು. "ಖರೆ ಐತಿ ತಂಗಿ. ನಾ ಬರೇ ಮೊತ್ತ ನೋಡಿದ್ನಿ," ಎಂದು ಹಲಗೆ ಒರೆಸಿದರು.

ಹತ್ತು ಹತ್ತು ಪ್ರಶ್ನೆ ಮುಗಿದಾಗ ಬೀಳಗಿ ಏಳು, ಮುಧೋಳ ಆರು.

ಬಸ್ಸಿನಲ್ಲಿ ಮಹಾಲಿಂಗಪುರ ದಾಟುವವರೆಗೂ ಶೀತಲ್ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಆಮೇಲೆ ಅಕ್ಕನ ತೊಡೆಯ ಮೇಲಿದ್ದ ನೋಟುಬುಕ್ಕನ್ನು ಎಳೆದುಕೊಂಡಳು.

"ಈ ಹದಿನೇಳರಾಗ ನನ್ನವು ಎಷ್ಟ?"

"ಹನ್ನೊಂದು. ಚುಕ್ಕಿ ಇಟ್ಟೇನಿ ನೋಡು."

ಶೀತಲ್ ಬೆರಳಿಟ್ಟು ಎಣಿಸಿದಳು. ಮುಖ ತುಸು ಸಡಿಲವಾಯಿತು. "ಮತ್ತ ತಪ್ಪಿದ್ದು?"

"ಹೊಳಿ, ಹಳ್ಳ, ಊರು ಅಂದ್ರ ನಿನ್ನ ಬಾಯಿ ಕಟ್ಟತೈತಿ."

"ಬೀಳಗಿ ತಂಡದಾಗಿನ ಗಲಗಲಿ ಊರಿನ ಹುಡುಗ್ಯಾರು ದಿನಾ ಹೊಳ್ಯಾಗ ಈಸತಾರ, ಅವ್ರಿಗೆ ಬರದ ಏನ್ ಮಾಡತೈತಿ!" ಎಂದವಳು ತಾನೇ ಫಕ್ಕನೆ ನಕ್ಕುಬಿಟ್ಟಳು. ಹೊಸ ಹಾಳೆ ತಿರುವಿ ಪೆನ್ನನ್ನು ಅಕ್ಕನ ಕೈಗಿಟ್ಟಳು. "ಬರಿ. ತಪ್ಪಿದ್ದು ಒಂದೂ ಬಿಡಬ್ಯಾಡ."

ಬಸ್ಸು ಕುಲುಕುತ್ತಿತ್ತು. ಸತ್ಯವ್ವ ಮೊದಲ ಗೆರೆ ಎಳೆದಳು. ಅದು ಸೊಟ್ಟಗಾಯಿತು, ಅವಳು ಹಾಗೆಯೇ ಬಿಟ್ಟಳು.