ಕಾರ್ಬೊರೇಟರಿನ ಶ್ರುತಿ

ನನ್ನ ಹೆಂಡತಿ ತೀರಿಕೊಂಡ ಐದನೆಯ ತಿಂಗಳಿಗೆ ಸಾರಿಗೆ ಕಚೇರಿಯಿಂದ ಅವಳ ಹೆಸರಿಗೊಂದು ಕಾಗದ ಬಂತು. ನಮ್ಮ ಗ್ಯಾರೇಜಿನಲ್ಲಿರುವ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಬರುವ ಶುಕ್ರವಾರದೊಳಗೆ ತನ್ನ ಇಂಜಿನ್ನಿನ ಬಲದಿಂದಲೇ ಓಡಿ ಬಂದು ತಪಾಸಣೆಗೆ ನಿಲ್ಲಬೇಕು. ಎಳೆದು ತಂದರೆ ಆಗದು. ತಪ್ಪಿದರೆ ನೋಂದಣಿ ರದ್ದು. ರದ್ದಾದ ಗಾಡಿಗೆ ಗುಜರಿಯಲ್ಲದೆ ಬೇರೆ ಗತಿಯಿಲ್ಲ.

ಅವಳು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಲೋಹ ಕಡೆಯುವ ಲೇತ್ ಯಂತ್ರ ನಡೆಸಿದವಳು. ನಿವೃತ್ತಿಯಾದ ಮೇಲೆ, ತಳವೆಲ್ಲ ತುಕ್ಕು ತಿಂದು ಇಲಿಗಳು ಸಂಸಾರ ಹೂಡಿದ್ದ ಆ ಕಾರನ್ನು ತಂದು ಒಂಬತ್ತು ವರ್ಷ ಅದರ ಸೇವೆ ಮಾಡಿದಳು. ತಗಡು ಕತ್ತರಿಸಿ ಬೆಸೆದಳು. ಎಲ್ಲೂ ಸಿಗದ ಬಿಡಿಭಾಗಗಳನ್ನು ತಾನೇ ಕಡೆದಳು. ಕಡುಹಸಿರು ಬಣ್ಣ ಹಚ್ಚಿ, ಮುಖ ಕಾಣುವವರೆಗೆ ಉಜ್ಜಿದಳು. ನಾನು ಶಾಲೆಯಲ್ಲಿ ಸಂಗೀತ ಕಲಿಸಿದವನು. ಗ್ಯಾರೇಜಿನ ಬಾಗಿಲಿಗೆ ಚಹಾ ಒಯ್ಯುವುದು, ಖಾಲಿ ಲೋಟ ತರುವುದು, ನನ್ನ ಪಾಲಿನ ಕೆಲಸ ಅಷ್ಟೇ.

ಎಲ್ಲ ಮುಗಿದಿತ್ತು, ಇಂಜಿನ್ನೊಂದನ್ನು ಬಿಟ್ಟು. ಸಮತಟ್ಟಿನಲ್ಲಿ ಹೇಗೋ ಓಡುತ್ತಿತ್ತು. ಏರು ಬಂತೆಂದರೆ ಕೆಮ್ಮಿ, ನಡುಗಿ, ನಿಂತೇಬಿಡುತ್ತಿತ್ತು. ಮೂರು ವರ್ಷ ಅವಳು ಪ್ಲಗ್ಗು, ಪೆಟ್ರೋಲ್ ಪಂಪು, ವೈರು ಎಲ್ಲ ಬದಲಿಸಿ ನೋಡಿದಳು. ಏನೂ ಉಪಯೋಗವಾಗಲಿಲ್ಲ. ತಪಾಸಣಾ ಕಚೇರಿಯಾದರೋ ಗುಡ್ಡದ ನೆತ್ತಿಯ ಮೇಲಿತ್ತು.

ಬುಧವಾರ ಬೆಳಿಗ್ಗೆ ನಾದಿನಿ ಬಂದಳು. ಅವಳು ಬಸ್ಸಿನ ಡ್ರೈವರು. ಬಾಯಿ ಬಸ್ಸಿನ ಹಾರ್ನಿಗಿಂತ ಜೋರು.

"ಏಳಿ ಭಾವ. ಮೂಲೇಲಿ ಕೂತ್ಕೊಂಡು ದೇವರಿಗೆ ಎಷ್ಟೂಂತ ಅರ್ಜಿ ಹಾಕ್ತೀರ? ಅವನಿಗೂ ಬೇರೆ ಕೆಲಸ ಇರುತ್ತೆ."

"ನನಗೆ ಸ್ಪ್ಯಾನರ್ ಹಿಡಿಯೋಕೂ ಬರಲ್ಲ ಕಣಮ್ಮ."

"ಗೊತ್ತು. ಅಕ್ಕ ನಿಮ್ಮ ಕೈಗೆ ಸ್ಕ್ರೂಡ್ರೈವರ್ ಕೊಟ್ಟಿದ್ರೆ ಅದು ಬಿಸ್ಕತ್ ಡಬ್ಬಿ ಮುಚ್ಚಳ ತೆಗೆಯೋಕೆ. ಟಾರ್ಚ್ ಹಿಡೀರಿ, ಸಾಕು."

ಬಾನೆಟ್ ಎತ್ತಿ ಇಂಜಿನ್ ಚಾಲೂ ಮಾಡಿದಳು. ಅದಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬೊರೇಟರುಗಳು, ಅಕ್ಕಪಕ್ಕದಲ್ಲಿ. ಎರಡೂ ಸಮನಾಗಿ ಗಾಳಿ ಎಳೆಯಬೇಕು. ಇಲ್ಲವಾದರೆ ಇಂಜಿನ್ನಿನ ಅರ್ಧ ದುಡಿಯುತ್ತದೆ, ಅರ್ಧ ಕಾಲೆಳೆಯುತ್ತದೆ. ಅದನ್ನು ನೋಡಲು ನನ್ನವಳು ಇಟ್ಟುಕೊಂಡಿದ್ದುದು ಮೊಳದುದ್ದದ ರಬ್ಬರ್ ಪೈಪು. ಒಂದು ತುದಿ ಕಾರ್ಬೊರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ. ನಾದಿನಿಯೂ ಹಾಗೆಯೇ ಹಿಡಿದು ಕೇಳಿದಳು.

"ಎರಡೂ ಬುಸ್ ಅಂತಾವೆ. ಅಕ್ಕ ಹೇಳ್ತಿದ್ದಿದ್ದೂ ಅದೇ, ಕಾರ್ಬೊರೇಟರ್ ಸರಿಯಿದೆ ಅಂತ. ಬೇರೆ ಎಲ್ಲೋ ಇದೆ ಕಾಯಿಲೆ."

ಅವಳು ಕೈ ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ನಾನು ಆ ಪೈಪನ್ನು ಎತ್ತಿಕೊಂಡೆ. ನನ್ನವಳ ಕೈಯಲ್ಲಿ ಸವೆದ ವಸ್ತು, ಒಮ್ಮೆ ಮುಟ್ಟೋಣವೆಂದು, ಅಷ್ಟೇ. ಕಿವಿಗಿಟ್ಟೆ. ಮೊದಲನೆಯದು ಮಂದ್ರದಲ್ಲಿ ಉಸಿರಾಡುತ್ತಿತ್ತು. ಎರಡನೆಯದು ಸೀಳುದನಿ. ಮಕ್ಕಳ ಸಾಲಿನಲ್ಲಿ ಒಬ್ಬ ಮಾತ್ರ ಏರಿಸಿ ಹಾಡಿದರೆ ಹೇಗೆ ಕಿವಿಗೆ ಚುಚ್ಚುತ್ತದೆಯೋ ಹಾಗೆ ಚುಚ್ಚಿತು.

"ಅಪಸ್ವರ ಕಣೇ ಇದು!"

"ಅಕ್ಕನಿಗೇ ಕೇಳಿಸದೇ ಇದ್ದಿದ್ದು ನಿಮಗೆ ಕೇಳಿಸಿಬಿಡ್ತಾ?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ನನಗೂ ಆಗಲೇ ಹೊಳೆಯಿತು. ಇಪ್ಪತ್ತೆಂಟು ವರ್ಷ ಯಂತ್ರಗಳ ಅಬ್ಬರ. ಬೆಳಿಗ್ಗೆ ನಾನು ದೇವರ ಪದ ಹಾಡುವಾಗ ಅವಳು ತೀರ ಹತ್ತಿರ ಬಂದು ಕೂತು, ನನ್ನ ತುಟಿಯನ್ನೇ ನೋಡುತ್ತ, "ಸ್ವಲ್ಪ ಜೋರಾಗಿ ಹೇಳಿ ಮೇಷ್ಟ್ರೇ" ಎನ್ನುತ್ತಿದ್ದಳು. ಭಕ್ತಿಯೆಂದು ತಿಳಿದು ನಾನು ಉಬ್ಬುತ್ತಿದ್ದೆ. ಸಣ್ಣ ದನಿಗಳು ಅವಳ ಪಾಲಿಗೆ ಯಾವಾಗಲೋ ಸತ್ತುಹೋಗಿದ್ದವು. ಕಾರಿನ ಪ್ರತಿಯೊಂದು ಭಾಗವನ್ನೂ ಅನುಮಾನಿಸಿದ್ದಳು, ತನ್ನ ಕಿವಿಯೊಂದನ್ನು ಬಿಟ್ಟು.

"ಒಂದು ಸಲ ನನ್ನ ಕರೆದಿದ್ದರೆ..." ಎಂದೆ.

"ಒಂದು ಸಲ ನೀವೇ ಒಳಗೆ ಬಂದು ನಿಂತಿದ್ದರೆ..." ಎಂದಳು ನಾದಿನಿ.

ಅವಳು ಹೇಳಿದ್ದು ನಿಜ. ಪೈಪನ್ನು ಮತ್ತೆ ಕಿವಿಗಿಟ್ಟೆ; ಅವಳು ಕಾರ್ಬೊರೇಟರಿನ ಸ್ಕ್ರೂಗೆ ಸ್ಕ್ರೂಡ್ರೈವರ್ ಹಚ್ಚಿದಳು.

"ತಿರುಗಿಸು. ಇನ್ನೂ... ಹೆಚ್ಚಾಯ್ತು. ಕೂದಲೆಳೆಯಷ್ಟು ಇಳಿಸು."

"ಭಾವ, ಇದು ಸ್ಕ್ರೂ, ಹಾರ್ಮೋನಿಯಂ ಅಲ್ಲ."

"ಬಾಯಿ ಮುಚ್ಕೊಂಡು ತಿರುಗಿಸು."

ಒಂದನ್ನು ಸರಿಮಾಡಿದರೆ ಇನ್ನೊಂದು ಜಾರುತ್ತಿತ್ತು. ಹೊತ್ತು ಇಳಿಯುವ ವೇಳೆಗೆ ಎರಡು ಉಸಿರೂ ಕೂಡಿ ಒಂದಾದವು. ಇಂಜಿನ್ನಿನ ನಡುಕ ನಿಂತಿತು. ನಾದಿನಿ ಬೆರಗಾಗಿ ನನ್ನ ಮುಖ ನೋಡಿದಳು.

ಶುಕ್ರವಾರ ಅವಳು ಸ್ಟೀರಿಂಗ್ ಹಿಡಿದಳು, ನಾನು ಪಕ್ಕದಲ್ಲಿ ಕೂತೆ. ಗುಡ್ಡದ ರಸ್ತೆಯ ಎರಡನೆಯ ತಿರುವು ಗಾಡಿ ಪ್ರತಿಸಲ ನಿಲ್ಲುತ್ತಿದ್ದ ಜಾಗ. ನಾನು ಕಣ್ಣುಮುಚ್ಚಿ ದೇವರನ್ನು ನೆನೆದೆ. ಕೆಮ್ಮಿಲ್ಲ, ನಡುಕವಿಲ್ಲ. ತಿರುವು ಕಳೆದದ್ದೇ ಅವಳು ಕಾಲೊತ್ತಿದಳು; ಕಾರು ಒಂದೇ ಕಂಠದಲ್ಲಿ ಗರ್ಜಿಸಿ ಜಿಗಿಯಿತು.

"ಭಾವ! ಲಾರೀನ ಹಿಂದೆ ಹಾಕಿದ್ವಿ!"

"ಮುಂದೆ ಇನ್ನೊಂದಿದೆ, ಬಿಡಬೇಡ!" ಎಂದು ಕೂಗಿದವನು ನಾನೇ. ಅರವತ್ತೊಂಬತ್ತು ವರ್ಷದಲ್ಲಿ ನಾನು ಹಾಗೆ ಕೂಗಿದ್ದಿಲ್ಲ.

ತಪಾಸಣಾಧಿಕಾರಿ ಗಾಡಿಯ ಸುತ್ತ ಎರಡು ಬಾರಿ ಬಂದ. ಬ್ರೇಕು, ದೀಪ ನೋಡಿದ. ಬಾನೆಟ್ ಎತ್ತಿ ಬಹಳ ಹೊತ್ತು ಇಂಜಿನ್ನಿನ ದನಿ ಕೇಳುತ್ತ ನಿಂತ.

"ಇಂಜಿನ್ ಯಾರು ಕಟ್ಟಿದ್ದು?"

"ನನ್ನ ಹೆಂಡತಿ."

"ಒಂದು ಸಲ ಕರ್ಕೊಂಡು ಬನ್ನಿ ಅವರನ್ನ. ಈ ಕೆಲಸ ಮಾಡಿದ ಕೈ ನೋಡಬೇಕು."

ಅವಳ ಹೆಸರಿಗೆ ಬಂದಿದ್ದ ಕಾಗದವನ್ನು ಮುಂದೆ ಚಾಚಿದೆ. ಅವನು ಕಾಗದದ ಮೇಲಿನ ಹೆಸರನ್ನೂ ನನ್ನ ಮುಖವನ್ನೂ ನೋಡಿ, ಮತ್ತೇನೂ ಕೇಳದೆ, ಮೊಹರು ಒತ್ತಿ ಎರಡೂ ಕೈಯಿಂದ ಕೊಟ್ಟ.

ಗಾಡಿಯಲ್ಲಿ ಕೂತ ಮೇಲೆ ನಾದಿನಿ ಕರವಸ್ತ್ರ ಎಸೆದಳು. "ಕಣ್ಣು ಒರೆಸ್ಕೊಳ್ಳಿ ಭಾವ, ಹೊಸ ಸೀಟು ನೆನೆಯುತ್ತೆ."

"ಅಳ್ತಿಲ್ಲ ಕಣೇ. ಗಾಳಿಗೆ ನೀರು ಬಂತು."

"ನಿಂತಿರೋ ಗಾಡೀಲಿ ಯಾವ ಗಾಳಿ?"

"ಹಾಗಾದ್ರೆ ಓಡಿಸು," ಎಂದೆ.