ಕೂಗಿದರೆ ಬರುವ ಸಿಂಹ

"ಕೂಗೇ! ಬಾಯಲ್ಲೇನು ಸೆಗಣಿ ಇಟ್ಕಂಡಿದೀಯಾ?" ಧಣಿ ಗೆರ್ಟ್ ಜೀಪಿನ ಮೇಲಿಂದ, ಗೇಟಿನ ಬಳಿ ನಿಂತಿದ್ದ ಪುಸೆಲೆತ್ಸೊಳತ್ತ ಅರಚಿದ. "ಬೇಟೆಗೆ ಬಂದೋರು ಬಿಸಿಲಲ್ಲಿ ಬೇಯ್ತಾವ್ರೆ!"

ಬೇಟೆಗೆ ಬಂದವನು ಜೀಪಿನಿಂದ ಇಳಿದೂ ಇರಲಿಲ್ಲ. ಬೇಲಿಯಾಚೆ ಮುಳ್ಳುಮರದಡಿ ಬಿದ್ದುಕೊಂಡಿದ್ದ ಸಿಂಹಕ್ಕೆ ಕೂತಲ್ಲಿಂದಲೇ ಗುರಿ ಹಿಡಿದು, ಅದು ಎದ್ದು ಹತ್ತಿರ ಬರಲೆಂದು ಕಾಯುತ್ತಿದ್ದ.

ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನಿನಾಚೆಯ ಆ ಸಿಂಹದ ಫಾರ್ಮಿನಲ್ಲಿ ಮರಿಗಳನ್ನು ತಾಯಿಯ ಮೊಲೆಯಿಂದ ಕಿತ್ತು ತರುವವಳು ಪುಸೆಲೆತ್ಸೊ. ತನ್ನ ಗುಡಿಸಲಿನಲ್ಲಿಟ್ಟು ಬಾಟಲಿ ಹಾಲು ಕುಡಿಸುವವಳೂ ಅವಳೇ. ಮರಿಯನ್ನು ಅಪ್ಪಿ ಫೋಟೋ ಹೊಡೆಸಿಕೊಳ್ಳಲು ಬಂದ ಪರದೇಶದ ಹುಡುಗಿಯರಿಗೆ, "ತಾಯಿ ಬಿಟ್ಟೋಯ್ತು ಕಣ್ರವ್ವಾ, ಇನ್ಮೇಲೆ ನೀವೇ ತಾಯಿ" ಎಂದು ಧಣಿಯ ಪಾಠವನ್ನು ಧಣಿಯ ಮೂಗುದನಿಯಲ್ಲೇ ಒಪ್ಪಿಸುತ್ತಿದ್ದಳು. ಬೇಲಿಯಾಚೆ ತಾಯಿ ಗುಡುಗಿದರೆ, ಅದು ಹಸಿವು ಎನ್ನಬೇಕಿತ್ತು.

ಮರಿ ಕಂಕುಳಲ್ಲಿ ಮೂಗು ತೂರಿಸಿ ಮಲಗಿದಾಗ ಅವಳಿಗೊಂದು ಸೊಕ್ಕು. ಧಣಿಯ ಮಕ್ಕಳು ದೂರದಿಂದ ನೋಡಿ ಬೆವರುವುದನ್ನು ತಾನು ಮೈಮೇಲೆ ಹಾಕಿಕೊಂಡು ಮಲಗುತ್ತೇನಲ್ಲ!

ಈಗ ಮುಳ್ಳುಮರದಡಿ ಬಿದ್ದಿರುವುದೂ ಅವಳು ಹಾಗೆ ಸಾಕಿದ್ದೇ; ಹೋದ ಚಳಿಗಾಲ ಇದರ ಅಕ್ಕನನ್ನು ಹೀಗೇ ಕೋವಿಯೆದುರು ಕೂಗಿದ್ದಳು. ಬಾಟಲಿ ಸಿಗುತ್ತದೆಂದು ಬಾಯಿ ಚಪ್ಪರಿಸುತ್ತ ಬಂದಿತ್ತು. ಗುಂಡು ಬಿದ್ದಾಗ ಅದು ನೋಡಿದ್ದು ಕೋವಿಯನ್ನಲ್ಲ, ಇವಳನ್ನು.

"ಕೂಗಕ್ಕ," ಗೇಟು ಕಾಯುವ ಮೊಹಾಪಿ ಪಿಸುಗುಟ್ಟಿದ. "ನೀನಲ್ದಿದ್ರೆ ಇನ್ನೊಬ್ಳು."

"ಇನ್ನೊಬ್ಳು ಕೂಗಿದ್ರೆ ಬರಲ್ಲ ಕಣೋ ಅದು. ಅದೇ ನಾ ಮಾಡಿರೋ ಪಾಪ."

ಗೆರ್ಟ್ ತಾನೇ ಕೂಗಿ ನೋಡಿದ. ಅವಳಂತೆ ಗಂಟಲೊಳಗೇ 'ಊಂ... ಊಂ' ಅಂದ. ನೆಗಡಿಯಾದ ಎಮ್ಮೆಯಂತೆ ಕೇಳಿತು. ಸಿಂಹ ಆಕಳಿಸಿ ಮಗ್ಗುಲು ಬದಲಿಸಿತು. ಮೊಹಾಪಿ ನಗು ನುಂಗಲು ಕೆಮ್ಮಿದ.

"ಲೌಡಿ! ಸಂಜೆಯೊಳಗೆ ನಿನ್ ಗುಡಿಸ್ಲು ಕೆಡವಿಸ್ತೀನಿ. ಮಕ್ಳನ್ನ ಕಟ್ಕಂಡು ರೋಡಲ್ಲಿ ಬಿದ್ಕೊ!"

ಪುಸೆಲೆತ್ಸೊ ಮೊಹಾಪಿಯ ಕೈಯಿಂದ ಕೀಲಿ ಕಿತ್ತುಕೊಂಡಳು. ಒಳಹೊಕ್ಕು, ಗೇಟಿಗೆ ಒಳಗಿಂದ ಬೀಗ ಜಡಿದು, ಕೂಗಿದಳು.

ಸಿಂಹ ಓಡಿ ಬಂತು. ಅವಳು ಕೋವಿಗೆ ಬೆನ್ನು ಕೊಟ್ಟು ಅದರ ಕತ್ತು ತಬ್ಬಿದಳು.

"ಈಗ ಹೊಡಿಸು ಬಾಸ್!"

"ಏಯ್, ಮೊನ್ನೆಯಿಂದ ಅದಕ್ಕೆ ಮಾಂಸ ಹಾಕಿಲ್ವಲ್ಲೇ! ಬಾರೇ ಹೊರಗೆ!" ಗೆರ್ಟ್ ಕಿರುಚಿದ.

ಅವಳಿಗೆ ಗೊತ್ತಿತ್ತು. ಕೂಗಿದೊಡನೆ ಬರಲಿ, ಹಾಕಬೇಡ ಎಂದದ್ದು ಅವನು, ಹಾಕದೆ ಇದ್ದದ್ದು ಇವಳು.

ಸಿಂಹ ಅವಳ ತೋಳು ನೆಕ್ಕತೊಡಗಿತು. ಅರದಂಥ ಆ ನಾಲಗೆಗೆ ಮೊದಲು ಬೆವರು ಹೋಯಿತು, ಆಮೇಲೆ ಚರ್ಮ. ರಕ್ತ ಜಿನುಗಿದೊಡನೆ ಅದು ನಾಲಗೆ ತಡೆದು, ಮೂಸಿ, ಅವಳ ಮುಖ ನೋಡಿತು.

ಅವಳು ತೋಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.