ನಮ್ಮ ತಪ್ಪು

ಬೊಮ್ಮಸಂದ್ರದ ಆ ಇಂಜೆಕ್ಷನ್ ಕಾರ್ಖಾನೆಯಲ್ಲಿ ದಿನ ಶುರುವಾಗುತ್ತಿದ್ದದ್ದೇ ತಪ್ಪೊಪ್ಪಿಗೆಯಿಂದ. ಹೊಸ ಮ್ಯಾನೇಜರ್ ಕೃಷ್ಣ ಎಲ್ಲಿಯೋ ತರಬೇತಿ ಮುಗಿಸಿ ಬಂದವನು, ಗೋಡೆಗೆ ಬಿಳಿ ಬೋರ್ಡು ಹೊಡೆಸಿ, 'ನಿನ್ನೆಯ ತಪ್ಪು, ಇವತ್ತಿನ ಪಾಠ' ಎಂದು ಬರೆಸಿದ್ದ. ಬೆಳಿಗ್ಗೆ ಏಳಕ್ಕೆ ಎಲ್ಲರೂ ಅದರ ಮುಂದೆ ನಿಲ್ಲಬೇಕು, ಸರದಿ ಬಂದವರು ತಮ್ಮ ತಪ್ಪು ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಯಾರಿಗೂ ಶಿಕ್ಷೆಯಿಲ್ಲ ಎಂದು ಅವನು ಮಾತು ಕೊಟ್ಟಿದ್ದ. ಅದನ್ನು ನಂಬಿ ಪ್ಯಾಕಿಂಗಿನ ಮುತ್ತು, ತಾನು ಲೇಬಲ್ ಅದಲುಬದಲು ಮಾಡಿದ್ದನ್ನು ಹೇಳಿಬಿಟ್ಟ. ಶಿಕ್ಷೆಯೇನೂ ಆಗಲಿಲ್ಲ, ತಿಂಗಳ ಕೊನೆಗೆ ಅವನ ಕಂಟ್ರಾಕ್ಟ್ ಮುಂದುವರಿಯಲಿಲ್ಲ, ಅಷ್ಟೇ.

ಆಮೇಲೆ ಜನ ಬೇಗ ಪಾಠ ಕಲಿತರು. ಯಾರಿಗೂ ಕೇಡಿಲ್ಲದ ಪುಟ್ಟ ತಪ್ಪುಗಳನ್ನು ಮೊದಲೇ ಹಂಚಿಕೊಳ್ಳತೊಡಗಿದರು. ಹಂಚುವವಳು ಹೆಬ್ಬಗೋಡಿಯ ರಾಮಮ್ಮ, ಹದಿನಾಲ್ಕು ವರ್ಷದಿಂದ ಕಂಟ್ರಾಕ್ಟಿನಲ್ಲೇ ದುಡಿಯುತ್ತಿದ್ದವಳು. "ನೀನು ಕ್ಯಾಪ್ ಸರ್ಯಾಗಿ ಆಕ್ಕಂಡಿರ್ಲಿಲ್ಲ ಅನ್ನು. ನೀನು ಪೆನ್ನು ಒಳಕ್ಕೆ ತಂದ್ಬುಟ್ಟೆ ಅನ್ನು," ಎಂದು ಊಟದ ಹೊತ್ತಿನಲ್ಲಿ ಪ್ರಸಾದ ಕೊಟ್ಟಂತೆ ಕೊಡುತ್ತಿದ್ದಳು. ಕೃಷ್ಣ ಅದನ್ನೆಲ್ಲ ಬೋರ್ಡಿನಲ್ಲಿ ಬರೆದು, ಫೋಟೋ ಹೊಡೆದು ಮೇಲಿನವರಿಗೆ ಕಳಿಸಿ ಹಿಗ್ಗುತ್ತಿದ್ದ. ಪುಣ್ಯಾತ್ಮ!

ಕುಷ್ಟಗಿ ಕಡೆಯ ನೀಲಾಂಬಿಕಾ ರಾಮಮ್ಮನ ಪಕ್ಕದ ಸ್ಟೂಲಿಗೆ ಬಂದು ವರ್ಷವಾಗಿತ್ತು. ಮೂರನೇ ಬೆಂಚಿನಲ್ಲಿ ಅವರಿಬ್ಬರೇ. ಬಾಟಲಿಯನ್ನು ದೀಪದ ಮುಂದೆ ಹಿಡಿದು ತಿರುಗಿಸಿ, ಒಳಗೆ ಎಳೆಯೋ ಗಾಜಿನ ಚೂರೋ ಕಂಡರೆ ತೆಗೆದಿಡುವುದು ಕೆಲಸ. ಬಂದ ಹೊಸದರಲ್ಲಿ ಇವಳು ತನ್ನೂರಿನ ಮಾತಿನಲ್ಲಿ ಬಾಯಿ ಬಿಟ್ಟರೆ ಇಡೀ ಹಾಲ್ ನಗುತ್ತಿತ್ತು. ಆ ನಗುವಿಗೆ ಹೆದರಿ, ತಿಳಿಯದಿದ್ದರೂ ತಿಳಿಯಿತು ಎನ್ನುವುದನ್ನು ಅವಳು ಕಲಿತಿದ್ದಳು. ನಗದೆ ಕಲಿಸಿದವಳು ರಾಮಮ್ಮ ಒಬ್ಬಳೇ. "ಬಾಟ್ಲಿ ನೋಡ್ಬ್ಯಾಡ. ನೀರು ನಿಂತ್ಮೇಲೂ ಒಳಗೆ ಏನು ಆಡ್ತದೆ, ಅದ್ನ ನೋಡು," ಎಂದಿದ್ದಳು.

ಬೇಸಿಗೆಯ ಹೊತ್ತಿಗೆ ನೀಲಾಂಬಿಕಾಗೆ ಗೊತ್ತಾಯಿತು, ಕಲಿಸಿದವಳ ಕಣ್ಣೇ ಮಂಜಾಗುತ್ತಿದೆ ಎಂದು. ರಾಮಮ್ಮ ಸರಿಯಿದೆ ಎಂದಿಟ್ಟ ತಟ್ಟೆಯಲ್ಲಿ ಗಾಜಿನ ಚೂರಿನ ಬಾಟಲಿಗಳಿದ್ದವು. ಕಾರ್ಖಾನೆಯ ನರ್ಸ್ ಕಣ್ಣಿನ ಪರೀಕ್ಷೆಗೆಂದು ವರ್ಷಕ್ಕೊಮ್ಮೆ ಓದಿಸುವ ಅಕ್ಷರದ ಪಟ ರಾಮಮ್ಮನಿಗೆ ಬಾಯಿಪಾಠವಾಗಿತ್ತು. ಹೇಳಿದರೆ ರಾಮಮ್ಮನ ಕೆಲಸ ಹೋಗುತ್ತದೆ, ಆ ಮನೆಯಲ್ಲಿ ದುಡಿಯುವ ಇನ್ನೊಂದು ಕೈಯಿಲ್ಲ. ಹೇಳದಿದ್ದರೆ ಯಾವುದೋ ರೋಗಿಯ ಮೈಗೆ ಗಾಜು ಸೇರುತ್ತದೆ. ನೀಲಾಂಬಿಕಾ ಬಾಯಿ ಬಿಡಲಿಲ್ಲ. ತನ್ನ ತಟ್ಟೆ ಮುಗಿಸಿ ರಾಮಮ್ಮನದನ್ನೂ ಕಳ್ಳತನದಿಂದ ನೋಡತೊಡಗಿದಳು. ಕೆಲವು ದಿನಗಳಲ್ಲಿ ರಾಮಮ್ಮ ತಟ್ಟೆಯನ್ನು ತಾನೇ ಅವಳತ್ತ ಸರಿಸಿ ಇಡುತ್ತಿದ್ದಳು. ಆ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಚಳಿ ಶುರುವಾದಾಗ ಒಂದು ಗುರುವಾರ, ಪ್ಯಾಕಿಂಗಿನಲ್ಲಿ ಜನ ಸಾಲದೆಂದು ನೀಲಾಂಬಿಕಾಳನ್ನು ಅರ್ಧ ದಿನ ಅಲ್ಲಿಗೆ ಕಳಿಸಿದರು. ಅವತ್ತೇ ಮೂರನೇ ಬೆಂಚಿನ ಮೂರು ಬಾಟಲಿಗಳಲ್ಲಿ ಲ್ಯಾಬಿನವರಿಗೆ ಗಾಜು ಸಿಕ್ಕಿತು. ತಟ್ಟೆಯ ಮೇಲೆ ಬೆಂಚಿನ ನಂಬರ್ ಇತ್ತೇ ಹೊರತು ನೋಡಿದವರ ಹೆಸರಿರಲಿಲ್ಲ. ಮರುದಿನ ಬೋರ್ಡಿನ ಸರದಿ ನೀಲಾಂಬಿಕಾಳದು. ಅವತ್ತು ರಾಮಮ್ಮ ಅವಳಿಗೆ ಯಾವ ತಪ್ಪನ್ನೂ ಕೊಡಲಿಲ್ಲ, ಮುಖ ಎತ್ತಿ ನೋಡಲೂ ಇಲ್ಲ. ನೀಲಾಂಬಿಕಾ ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಳ್ಳಲು ನಿರ್ಧರಿಸಿದಳು.

"ನಮ್ಮ ತಪ್ಪ ಐತ್ರಿ ಸರ್," ಎಂದಳು. "ನಮ್ಮ ಕಣ್ಣ ತಪ್ಪಿಸಿ ಹೋಗ್ಯಾವ್ರಿ."

"ನಿಮ್ದೇನಾ? ಶೂರ್?" ಎಂದು ಕೃಷ್ಣ ಕೇಳಿದ.

"ಹೂನ್ರಿ ಸರ್, ನಮ್ದ."

ಅವಳ ಊರಿನ ಕಡೆ ದೊಡ್ಡವರೆದುರು 'ನಾನು' ಎನ್ನುವುದು ಸೊಕ್ಕಿನ ಮಾತು. 'ನಮಗ ಗೊತ್ತಿಲ್ರಿ' ಎಂದರೆ ನನಗೆ ಗೊತ್ತಿಲ್ಲ ಎಂದೇ ಅರ್ಥ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕೃಷ್ಣನಿಗೆ ಅದೆಲ್ಲಿ ಗೊತ್ತು? "ನೋಡ್ರಪ್ಪಾ, ಧೈರ್ಯ ಅಂದ್ರೆ ಇದು!" ಎಂದು ತಾನೇ ಚಪ್ಪಾಳೆ ತಟ್ಟಿ, ಇಂಗ್ಲಿಷಿನಲ್ಲಿ ಏನೋ ಬರೆದ. ನೀಲಾಂಬಿಕಾ ಹಗುರಾಗಿ ಬೆಂಚಿಗೆ ಮರಳಿದಳು. ರಾಮಮ್ಮ ಉಳಿದಳು ಎಂದೇ ಅವಳು ನಂಬಿದ್ದಳು.

ಹನ್ನೊಂದು ಗಂಟೆಗೆ ಕಂಪನಿ ವ್ಯಾನು ಬಂತು. ಮೂರನೇ ಬೆಂಚಿನ ಇಬ್ಬರನ್ನೂ ಹೊರಗಿನ ಕಣ್ಣಾಸ್ಪತ್ರೆಗೆ ಕರೆದೊಯ್ಯಬೇಕೆಂದು ಬೋರ್ಡಿನಲ್ಲೇ ಬರೆದಿದೆ ಎಂದು ಡ್ರೈವರ್ ಹೇಳಿದಾಗಲೇ, 'ನಮ್ಮ' ಎಂದರೆ ಇಬ್ಬರದೂ ಎಂದು ಕೃಷ್ಣ ತಿಳಿದದ್ದು ನೀಲಾಂಬಿಕಾಗೆ ಹೊಳೆಯಿತು. ಆಸ್ಪತ್ರೆಯ ಪಟದಲ್ಲಿ ಬೇರೆ ಅಕ್ಷರಗಳಿದ್ದವು. ಶನಿವಾರ ಗೇಟಿನಲ್ಲಿ ರಾಮಮ್ಮನ ಐಡಿ ಕಾರ್ಡ್ ಇಸಿದುಕೊಂಡರು.

ನೀಲಾಂಬಿಕಾ ಸೋಮವಾರ ಕೃಷ್ಣನ ಬಳಿಗೆ ಓಡಿದಳು. "ನಮ್ದು ಅಂದ್ರ ನಂದು ಅಂತ್ರಿ ಸರ್. ರಾಮಮ್ಮ ಅಕ್ಕಾರ್ದ ಅಲ್ರಿ."

"ಯಾರದ್ದಾದ್ರೇನಮ್ಮಾ, ರಿಪೋರ್ಟ್ ಬಂದಾಯ್ತಲ್ಲ. ಶಿಕ್ಷೆ ಅಲ್ಲ ಇದು. ಕಣ್ಣು ಕಾಣದೋರನ್ನ ಆ ಬೆಂಚಲ್ಲಿ ಹೆಂಗೆ ಕೂರ್ಸೋದು?"

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಕೆಲಸದ ಹಾಲ್‌ನಲ್ಲಿ ಮಾತ್ರ ಎಲ್ಲರೂ ಅವಳು ರಾಮಮ್ಮನನ್ನು ಹಿಡಿದುಕೊಟ್ಟಳೆಂದೇ ತೀರ್ಮಾನಿಸಿದ್ದರು. ಊಟಕ್ಕೆ ಕೂತರೆ ಪಕ್ಕದವರು ಡಬ್ಬಿ ಎತ್ತಿಕೊಂಡು ಬೇರೆ ಕಡೆ ಹೋಗುತ್ತಿದ್ದರು.

ಮುಂದಿನ ಭಾನುವಾರ ಅವಳು ಹೆಬ್ಬಗೋಡಿಗೆ ಹೋದಳು. ರಾಮಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬೈಯಲಿಲ್ಲ, "ಬಾ, ಕೂತ್ಕ," ಎಂದಳು. ಆ ಮೆತ್ತನೆಯ ಮಾತಿಗೆ ನೀಲಾಂಬಿಕಾಳ ಅಳು ಉಕ್ಕಿ ಬಂತು. ತನ್ನೂರಿನ 'ನಮ್ಮ' ಎಂದರೇನು ಎಂಬುದನ್ನು ತಡವರಿಸುತ್ತ ಬಿಡಿಸಿ ಹೇಳಿದಳು.

"ಅಂಗಾರೆ ನನ್ನೂ ಸೇರಿಸ್ಕಂಡು ಅಂದಿದ್ದಲ್ವಾ ನೀನು?"

"ಅಲ್ರಿ ಅಕ್ಕಾರ. ನನ್ನ ಮ್ಯಾಲ ಹಾಕ್ಕೊಂಡು ನಿಮ್ಮನ್ನ ಉಳಸಬೇಕಂತ ಸುಳ್ಳ ಹೇಳಿದ್ನಿ."

ರಾಮಮ್ಮನ ಕೈ ನಿಂತಿತು. "ಮೊದ್ಲು ಸಿಟ್ಟು ಬಂದಿತ್ತು ಕಣೆ. ಆಮೇಲೆ ಇಳೀತು. ಇನ್ಮೇಲೆ ಯಾರ್ ಮೈಗೂ ಗಾಜು ಓಗಲ್ವಲ್ಲ ಅನ್ನಿಸ್ತು. ಅಷ್ಟು ಜನದಾಗೆ ನಾನ್ ಕಲ್ಸಿದೋಳೊಬ್ಳು ಆ ಬೋರ್ಡ್ ಮುಂದೆ ನಿಂತು ನಿಜ ಆಡಿದ್ಲಲ್ಲ ಅಂತ, ಅದ್ನೇ ನೆನೆಸ್ಕಂಡು ಇಷ್ಟು ದಿನ ಅನ್ನ ತಿಂದೆ."

ನೀಲಾಂಬಿಕಾ ಒಂದು ಅವರೆಕಾಯಿ ಎತ್ತಿಕೊಂಡು ಬಿಡಿಸತೊಡಗಿದಳು.

ರಾಮಮ್ಮ ಮಂಜಾಗಿ ಕಾಣುವ ಅವಳ ಮುಖದ ಕಡೆಗೆ ತಿರುಗಿ, "ನನ್ ತಾವ ನೀನೂ ಸುಳ್ಳಾಡೋದ್ನೇ ಕಲ್ತ್ಯಾ?" ಎಂದಳು.